ಲಟ್ಟಣಿಗೆ, ವಿಸಿಟಿಂಗ್ ಕಾರ್ಡ್ ಮತ್ತು ನನ್ನ 10/22

ನನ್ನ ರುಗರ್ 10/22 ರೈಫಲಿನಲ್ಲಿ ಹೊಡೆದ ಮೊದಲ ಟಾರ್ಗೆಟ್ ಕಾಗದ ಇನ್ನೂ ನನ್ನ ಹತ್ತಿರ ಇದೆ. 50 ಗಜ, ಹತ್ತು ಗುಂಡು. ಒಂಬತ್ತು ತೂತು ಎಡಗಡೆ ಕೆಳಗೆ ಚೆಲ್ಲಿಕೊಂಡಿವೆ. ಒಂದು ಮಾತ್ರ ದೂರ ಮೇಲೆ ಕೂತಿದೆ, ಮದುವೆ ಮನೆಯಲ್ಲಿ ಮುನಿಸಿಕೊಂಡ ನೆಂಟನ ಹಾಗೆ. ಅಳೆದರೆ ಮೂರು ಇಂಚಿಗೂ ಜಾಸ್ತಿ.

ನಾನು ಬಂದೂಕು ಹಿಡಿದಿದ್ದು ತುಮಕೂರಿನಲ್ಲಿ, ಎನ್‌ಸಿಸಿಯಲ್ಲಿ. ಪಾಯಿಂಟ್ ಟೂ ಟೂ ರೈಫಲ್, ಪ್ರತಿ ಗುಂಡಿಗೂ ಕೈಯಲ್ಲಿ ಬೋಲ್ಟ್ ಎಳೆದು ನೂಕುವ ಬೋಲ್ಟ್ ಆ್ಯಕ್ಷನ್, 25 ಗಜ, ಐದು ರೌಂಡು. ಅಲ್ಲಿ ಉಸ್ತಾದ್ ಹೇಳಿಕೊಟ್ಟಿದ್ದು ಒಂದೇ: ನಡುವಿಗೆ ಬಿತ್ತಾ ಅಂತ ಆಮೇಲೆ ನೋಡು, ಐದೂ ಒಂದೇ ಕಡೆ ಬಿತ್ತಾ ಅಂತ ಮೊದಲು ನೋಡು. ಗ್ರೂಪಿಂಗ್ ಅಂದರೆ ಅದೇ. ಆಮೇಲೆ ಇಪ್ಪತ್ತು ವರ್ಷ ಬಂದೂಕು ಮುಟ್ಟಲಿಲ್ಲ. ಓಹಾಯೋಗೆ ಬಂದು, ಗ್ರೀನ್ ಕಾರ್ಡ್ ಆದ ಮೇಲೆ, ಇಲ್ಲಿನ ಕ್ಲಬ್ ಒಂದಕ್ಕೆ ಸೇರಿ ಹಳೇ ರುಗರ್ 10/22 ಒಂದನ್ನು ಕೊಂಡೆ.

1964ರಿಂದ ಬರುತ್ತಿರುವ ಸೆಮಿ ಆಟೋಮ್ಯಾಟಿಕ್ ರೈಫಲ್ ಇದು, ಅಂದರೆ ಒಂದು ಗುಂಡು ಹಾರಿದ ಮೇಲೆ ಮುಂದಿನದನ್ನು ಬಂದೂಕೇ ಒಳಗೆ ನೂಕಿಕೊಳ್ಳುತ್ತದೆ. ಹತ್ತು ಗುಂಡಿನ ಮ್ಯಾಗಜೀನ್ ಕೆಳಗೆ ಉಬ್ಬಿಕೊಂಡಿರಲ್ಲ, ಒಳಗೇ ಗುಂಡಗೆ ಸುತ್ತುತ್ತದೆ. ನನಗೆ ಬೇಕಾಗಿದ್ದು ಸಿಎಂಪಿ (ಸಾಮಾನ್ಯ ಜನರಿಗೆ ಗುರಿ ಹೊಡೆಯುವುದನ್ನು ಕಲಿಸುವ ಅಮೆರಿಕದ ಸಂಸ್ಥೆ) ನಡೆಸುವ, ಪಾಯಿಂಟ್ ಟೂ ಟೂ ರೈಫಲುಗಳ ರಿಮ್‌ಫೈರ್ ಸ್ಪೋರ್ಟರ್ ಸ್ಪರ್ಧೆಗೆ. ಈರಿ ಸರೋವರದ ದಂಡೆಯ ಕ್ಯಾಂಪ್ ಪೆರಿಯಲ್ಲೂ ಅದು ನಡೆಯುತ್ತದೆ. 50 ಮತ್ತು 25 ಗಜಕ್ಕೆ ಒಟ್ಟು 60 ಗುಂಡು. ಮಲಗಿ, ಕೂತು, ನಿಂತು ಹೊಡೆಯಬೇಕು.

ಮೊದಲು ಮಾಡಿದ್ದು ದಡ್ಡತನ. ದುಡ್ಡು ಕೊಟ್ಟು ಹಗುರ ಟ್ರಿಗರ್ ತಂದು ಹಾಕಿದೆ. ಬೆಣ್ಣೆ ಹಾಗಿತ್ತು. ಕ್ಲಬ್ಬಿನ ಪಂದ್ಯಕ್ಕೆ ಹೋದರೆ, ಟ್ರಿಗರಿಗೆ ಮೂರು ಪೌಂಡಿನ ತೂಕ ನೇತುಹಾಕಿ ನೋಡಿದರು. ಟಕ್ ಅಂತ ಬಿಟ್ಟುಕೊಂಡಿತು. ಈ ಸ್ಪರ್ಧೆಯಲ್ಲಿ ಟ್ರಿಗರ್ ಕನಿಷ್ಠ ಮೂರು ಪೌಂಡ್ ತೂಕ ತಡೆಯಬೇಕು, ನನ್ನ ವರ್ಗದಲ್ಲಿ ರೈಫಲ್ ತೂಕ ಏಳೂವರೆ ಪೌಂಡ್ ಮೀರಬಾರದು. ನಿಯಮ ಓದದೆ ಸಾಮಾನು ತಂದಿದ್ದು ನನ್ನದೇ ತಪ್ಪು. ಅವತ್ತು ನೋಡುತ್ತಾ ಕೂತೆ, ಅಷ್ಟೇ. ಹಳೇ ಟ್ರಿಗರ್ರೇ ವಾಪಸ್ ಹಾಕಿದೆ.

ಆಮೇಲೆ ಒಂದು ಶಿಸ್ತು ಮಾಡಿಕೊಂಡೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರತಿ ಸಲ ಹತ್ತು ಗುಂಡಿನ ಗ್ರೂಪು, ಕನಿಷ್ಠ ಮೂರು. ಐದು ಗುಂಡಿನ ಗ್ರೂಪು ಸುಳ್ಳು ಹೇಳುತ್ತದೆ, ಅದೃಷ್ಟ ಚೆನ್ನಾಗಿದ್ದರೆ ಯಾವ ಬಂದೂಕೂ ಒಳ್ಳೇದೇ. ಕಾಗದದ ಮೇಲೆ ತಾರೀಖು, ಗುಂಡಿನ ಹೆಸರು, ಏನು ಬದಲಾಯಿಸಿದೆ ಅಂತ ಬರೆದಿಡುವುದು.

ಮೊದಲು ಸ್ಕ್ರೂ. 10/22ರಲ್ಲಿ ರಿಸೀವರನ್ನು (ಬೋಲ್ಟು, ಟ್ರಿಗರು ಕೂರುವ ಲೋಹದ ಭಾಗ) ಸ್ಟಾಕಿಗೆ, ಅಂದರೆ ಬಂದೂಕಿನ ಮರದ ಮೈಗೆ, ಹಿಡಿದಿರುವುದು ಒಂದೇ ಒಂದು ಸ್ಕ್ರೂ. ಹಿಂದಿನ ಮಾಲೀಕ ಅದನ್ನು ಪಂಕ್ಚರ್ ಅಂಗಡಿಯವರು ನಟ್ಟು ಬಿಗಿದ ಹಾಗೆ ಬಿಗಿದಿದ್ದ. ಸುತ್ತಲಿನ ಮರ ಒತ್ತಿಹೋಗಿತ್ತು. ಮ್ಯಾಗಜೀನ್ ತೆಗೆದು, ಬೋಲ್ಟ್ ಎಳೆದು, ಗುಂಡು ಕೂರುವ ಚೇಂಬರ್ ಖಾಲಿ ಇದೆಯಾ ಅಂತ ಕಣ್ಣಲ್ಲಿ ನೋಡಿ, ಬೆರಳಲ್ಲೂ ಮುಟ್ಟಿ ನೋಡಿದ ಮೇಲೇ ಬಿಚ್ಚಿದೆ. ವಾಪಸ್ ಜೋಡಿಸುವಾಗ ನಳಿಗೆ ಮೇಲೆ ಮಾಡಿ ಹಿಡಿದು, ಹಿಂಭಾಗವನ್ನು ಚಾಪೆ ಮೇಲೆ ಮೆಲ್ಲಗೆ ಕುಟ್ಟಿ ರಿಸೀವರ್ ಹಿಂದಕ್ಕೆ ಕೂರುವ ಹಾಗೆ ಮಾಡಿದೆ. ಆಮೇಲೆ ಎಷ್ಟು ಬಿಗಿಯಾಯಿತು ಅಂತ ಅಳೆಯುವ ಟಾರ್ಕ್ ಡ್ರೈವರಿನಲ್ಲಿ 12, 15, 18, 20 ಇಂಚು-ಪೌಂಡಿಗೆ ಒಂದೊಂದೇ ಪರೀಕ್ಷೆ. ನನ್ನದಕ್ಕೆ 18 ಹೊಂದಿತು. ನಿಮ್ಮದಕ್ಕೆ ಬೇರೆ ಇರಬಹುದು. ಆದರೆ ಯಾವುದೋ ಒಂದು ಅಂಕಿ ಇರಬೇಕು, ಕೈಯಂದಾಜು ನಡೆಯಲ್ಲ.

ಗುಂಡಿನ ವಿಷಯಕ್ಕೆ ಬಂದರೆ, ನಾನು ಹೊಡೆಯುತ್ತಿದ್ದದ್ದು ಸೆಕೆಂಡಿಗೆ 1235 ಅಡಿ ಓಡುವ ಜೋರಿನ ಗುಂಡು. ಶಬ್ದದ ವೇಗ ಸುಮಾರು 1125 ಅಡಿ. ಅಂದರೆ ಟಾರ್ಗೆಟ್ ಮುಟ್ಟುವ ಹೊತ್ತಿಗೆ ಗುಂಡು ಶಬ್ದದ ವೇಗದ ಆಸುಪಾಸಿಗೆ ಇಳಿಯುತ್ತದೆ. ಆ ಜಾಗ ಒಳ್ಳೇದಲ್ಲ, ಗುಂಡು ಅಲ್ಲಾಡುತ್ತದೆ. 1070 ಅಡಿಯ ಸ್ಟ್ಯಾಂಡರ್ಡ್ ವೆಲಾಸಿಟಿ ಗುಂಡು ಶುರುವಿನಿಂದಲೇ ಅದರ ಕೆಳಗಿರುತ್ತದೆ. ಐದು ಥರ ತಂದು ನೋಡಿದೆ. ಸೀಸದ ಮೇಲಿನ ಮೇಣ ಒಂದೊಂದರದ್ದು ಒಂದೊಂದು ಥರ. ಹಾಗಾಗಿ ಗುಂಡು ಬದಲಾಯಿಸಿದಾಗಲೆಲ್ಲ, ಹೊಸ ಮೇಣ ನಳಿಗೆಗೆ ಹತ್ತಲಿ ಅಂತ, ಮೊದಲ 15 ರೌಂಡು ಸುಮ್ನೆ ಮಣ್ಣಿನ ದಿಬ್ಬಕ್ಕೆ. ಅತಿ ದುಬಾರಿಯದು ಚೆನ್ನಾಗೇ ಗುರಿ ಮುಟ್ಟಿತು, ಆದರೆ ಬೋಲ್ಟನ್ನು ಪೂರ್ತಿ ಹಿಂದಕ್ಕೆ ತಳ್ಳುವ ಶಕ್ತಿ ಅದಕ್ಕಿರಲಿಲ್ಲ. ಪ್ರತಿ ಮ್ಯಾಗಜೀನಿಗೆ ಒಂದಾದರೂ ಸಿಕ್ಕಿಕೊಳ್ಳುತ್ತಿತ್ತು. ಆ 1070ರ ಸಾಧಾರಣ ಡಬ್ಬಿಯೇ ಗೆದ್ದಿತು. ಗ್ರೂಪು ಎರಡು ಇಂಚಿನ ಒಳಗೆ ಬಂತು.

ಆದರೂ ಆ ಮುನಿಸಿಕೊಂಡ ನೆಂಟ ಹೋಗಲಿಲ್ಲ. ಹತ್ತರಲ್ಲಿ ಒಂದು ಯಾವಾಗಲೂ ಮೇಲೆ. ನನ್ನ ಉಸಿರು, ನನ್ನ ಭುಜ, ಎಲ್ಲದಕ್ಕೂ ಬೈದುಕೊಂಡೆ. ಒಂದು ದಿನ ಎಷ್ಟನೇ ಗುಂಡು ಎಲ್ಲಿ ಬಿತ್ತು ಅಂತ ದುರ್ಬೀನಿನಲ್ಲಿ ನೋಡಿ ಬರೆದುಕೊಂಡಾಗ ಗೊತ್ತಾಯಿತು: ಅದು ಯಾವಾಗಲೂ ಮೊದಲನೆಯದು. ಮಿಕ್ಕ ಒಂಬತ್ತನ್ನು ಬಂದೂಕೇ ಧಡ್ ಅಂತ ಚೇಂಬರಿಗೆ ನೂಕುತ್ತದೆ. ಮೊದಲನೆಯದನ್ನು ಮಾತ್ರ ನಾನು, ಸದ್ದಾಗದ ಹಾಗೆ, ಬೋಲ್ಟ್ ಹಿಡಿದುಕೊಂಡೇ ಮುಂದಕ್ಕೆ ಬಿಡುತ್ತಿದ್ದೆ. ಅದು ಕೂರುವ ರೀತಿಯೇ ಬೇರೆ. ಬೋಲ್ಟ್ ಪೂರ್ತಿ ಎಳೆದು ಕೈ ಬಿಟ್ಟೆ. ನೆಂಟ ಪಂಕ್ತಿಗೆ ಬಂದು ಕೂತ. ಬೋಲ್ಟ್ ಆ್ಯಕ್ಷನ್‌ನಲ್ಲಿ ಕಲಿತವನಿಗೆ ಇದು ಹೊಳೆಯುವುದು ಕಷ್ಟ, ಅಲ್ವಾ? ಅಲ್ಲಿ ಎಲ್ಲ ಗುಂಡನ್ನೂ ಕೈಯೇ ನೂಕುತ್ತದೆ.

ಕೊನೆಗೆ ಮರ. ನಳಿಗೆಯನ್ನು ಸ್ಟಾಕಿಗೆ ಬಿಗಿಯುವ ಉಂಗುರವನ್ನು ತೆಗೆದರೆ ನಿಖರತೆ ಹೆಚ್ಚುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ತೆಗೆದೆ. ಒಂದು ಡಾಲರ್ ನೋಟನ್ನು ನಳಿಗೆಯ ಅಡಿಗೆ ತೂರಿಸಿದರೆ ಅರ್ಧದಲ್ಲಿ ಸಿಕ್ಕಿಕೊಂಡಿತು. ಅಲ್ಲಿ ಮರ ತಾಗುತ್ತಿದೆ ಅಂತ ಅರ್ಥ. ಸಣ್ಣ ಲಟ್ಟಣಿಗೆಗೆ ಮರಳು ಕಾಗದ ಸುತ್ತಿ ಒಂದು ಸಂಜೆ ಪೂರ್ತಿ ಉಜ್ಜಿದೆ. (ನಮ್ಮ ಮನೆಯಲ್ಲಿ ಚಪಾತಿ ಒತ್ತುವವನು ನಾನೇ. ಬೈಸಿಕೊಳ್ಳಲಿಲ್ಲ, ಹೊಸದು ತಂದೆ.) ನೋಟು ರಿಸೀವರಿನ ತನಕ ಸರಾಗವಾಗಿ ಹೋಯಿತು.

ಮಾರನೇ ದಿನ ಹೊಡೆದರೆ ಗ್ರೂಪು ಇನ್ನೂ ದೊಡ್ಡದಾಗಿತ್ತು! ಅದೂ ಮೇಲಿಂದ ಕೆಳಕ್ಕೆ ಉದ್ದಕ್ಕೆ. ಕ್ಲಬ್ಬಿನ ಹಿರಿಯರೊಬ್ಬರು ಕಾಗದ ನೋಡಿ ನಕ್ಕರು. ರಿಸೀವರ್ ಅಲ್ಯೂಮಿನಿಯಂ, ಹಿಡಿದಿರುವುದು ಒಂದೇ ಸ್ಕ್ರೂ, ಮುಂದೆ ಉದ್ದನೆಯ ಉಕ್ಕಿನ ನಳಿಗೆ. ಪೂರ್ತಿ ಗಾಳಿಯಲ್ಲಿ ಬಿಟ್ಟರೆ ಕೆಲವು ತೂಗಾಡುತ್ತವೆ. ತುದಿಯಲ್ಲಿ ಸ್ವಲ್ಪ ಆನಿಸಿ ಕೊಡು ಅಂದರು.

ಪರ್ಸಿನಲ್ಲಿ ಚಿಕ್ಕಪೇಟೆಯ ಜವಳಿ ಅಂಗಡಿಯೊಂದರ ವಿಸಿಟಿಂಗ್ ಕಾರ್ಡ್ ಇತ್ತು, ತಂಗಿ ಮದುವೆಯ ಸೀರೆ ತಂದಾಗಿನದು. ಅದನ್ನು ನಾಲ್ಕು ತುಂಡು ಮಾಡಿ, ಸ್ಟಾಕಿನ ಮುಂದಿನ ತುದಿಯಲ್ಲಿ ಒಂದರ ಮೇಲೊಂದು ಇಟ್ಟು ನೋಡಿದೆ. ಎರಡು ಸಾಲಲಿಲ್ಲ. ನಾಲ್ಕು ಜಾಸ್ತಿಯಾಯಿತು, ಗ್ರೂಪು ಮೇಲಕ್ಕೆ ಸರಿದು ಹರಡಿತು. ಮೂರಕ್ಕೆ ಹತ್ತು ಗುಂಡು ಒಂದೂಕಾಲು ಇಂಚಿನಲ್ಲಿ ಕೂತವು. ಅದೇ ಹಳೇ ಟ್ರಿಗರ್, ಅದೇ ಹಳೇ ನಳಿಗೆ.

ಮಳೆಯಲ್ಲಿ ಒದ್ದೆಯಾದೀತು ಅಂತ ಪ್ಲಾಸ್ಟಿಕ್ ತುಂಡು ಕತ್ತರಿಸಿ ಇಟ್ಟುಕೊಂಡಿದ್ದೇನೆ. ಇನ್ನೂ ಬದಲಾಯಿಸಿಲ್ಲ. ಮೇಲಿನ ತುಂಡಿನಲ್ಲಿ ಅಂಗಡಿ ಹೆಸರಿನ ಅರ್ಧ ಮತ್ತು 'ಒಮ್ಮೆ ಭೇಟಿ ಕೊಡಿ' ಅನ್ನೋದು ಕಾಣುತ್ತದೆ.