ಎಸ್‌ಒಎಸ್ (ಬೇಕಾದರೆ ಮಾತ್ರ ಕೊಡಿ) ಅಂತ ಬರೆದರೆ ಮಗುವಿಗೆ ಔಷಧಿ ಸಿಗೋದಿಲ್ಲ: ರಾಯಚೂರಿನ ವಾರ್ಡಿನಲ್ಲಿ ನನ್ನ ಅನುಭವ

"ಮೊದಲು ಸರಿಯಾಗಿ ಐವಿ ಹಾಕೋದು ಕಲಿಸ್ರೀ ಸಿಸ್ಟರ್, ನೋವು ಅಳೆಯೋದು ಆಮೇಲೆ ನೋಡೋಣ" ಅಂತ ನಮ್ಮ ಮ್ಯಾನೇಜರ್ ನಕ್ಕಿದ್ದರು, ಮಕ್ಕಳ ನೋವು ಅಳೆದು ಔಷಧಿ ಕೊಡೋದನ್ನು ವಾರ್ಡಿನ ಸಿಸ್ಟರ್‌ಗಳಿಗೆ ಕಲಿಸುತ್ತೇನೆ ಅಂದಾಗ. ಎರಡು ವರ್ಷ ಆಯ್ತು. ಈಗ ಯಾರೇ ಆಸ್ಪತ್ರೆ ನೋಡಲು ಬಂದರೂ ಅದೇ ಮನುಷ್ಯ ಅವರನ್ನು ನೇರ ಮಕ್ಕಳ ವಾರ್ಡಿಗೆ ಕರೆದುಕೊಂಡು ಬರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಲೆಕ್ಕಗಳು ನೆನಪಿನಿಂದ ಬರೆದವು, ಸ್ವಲ್ಪ ಆಚೆ ಈಚೆ ಇರಬಹುದು.

ಮೊದಲ ಪ್ರಯತ್ನ ಪೂರ್ತಿ ನೆಲ ಕಚ್ಚಿತು. ಹಾಲ್ ತಗೊಂಡು, ಪ್ರೊಜೆಕ್ಟರ್ ಹಾಕಿ, 11 ಜನ ಸ್ಟಾಫಿಗೆ ಊಟದ ಜೊತೆ ಅರ್ಧ ದಿನದ ಕ್ಲಾಸ್ ಮಾಡಿದೆ. ಸುಮಾರು 6,000 ರೂಪಾಯಿ ಹೋಯಿತು, ಅದರಲ್ಲಿ ಅರ್ಧ ನನ್ನ ಕೈಯಿಂದ. ಎಲ್ಲರೂ ಫ್ಲ್ಯಾಕ್ ಸ್ಕೇಲ್, ಅಂದರೆ ಮಗುವನ್ನು ನೋಡಿಯೇ ನೋವಿಗೆ ಅಂಕ ಹಾಕುವ ಪಟ್ಟಿ, ಬಾಯಿಪಾಠ ಹೇಳಿದರು: ಮುಖ, ಕಾಲು, ಹೊರಳಾಟ, ಅಳು, ಸಮಾಧಾನ, ಒಂದೊಂದಕ್ಕೆ 0ಯಿಂದ 2, ಒಟ್ಟು 10. ಮರುವಾರ ಚಾರ್ಟ್ ತೆಗೆದು ನೋಡಿದರೆ ಎಲ್ಲ ಮಕ್ಕಳಿಗೂ ಒಟ್ಟು ಅಂಕ 0, 0, 2, 0. ಒಂದೇ ಪೆನ್ನು, ಒಂದೇ ಕೈಬರಹ. ಡ್ಯೂಟಿ ಮುಗಿಯೋ ಹೊತ್ತಿಗೆ ಕುಳಿತು ತುಂಬಿಸಿದ್ದು ಅಂತ ಯಾರಿಗಾದರೂ ಗೊತ್ತಾಗುತ್ತೆ. ಬೈಯಲು ಹೋಗಲಿಲ್ಲ, ನಾನೂ ಹೊಸತರಲ್ಲಿ ಬಿಪಿ ಹಾಗೇ ಬರೆದವಳು.

ಅದೇ ವಾರ ದೇವದುರ್ಗದ ಕಡೆಯ ಒಬ್ಬ ಐದು ವರ್ಷದ ಹುಡುಗ ಇದ್ದ, ಅಪೆಂಡಿಕ್ಸ್ ಆಗಿತ್ತು. ಕಟ್ಟಿಗೆ ತುಂಡಿನ ಹಾಗೆ ಅಲ್ಲಾಡದೆ ಮಲಗಿದ್ದ. ಚಾರ್ಟಿನಲ್ಲಿ "ಆರಾಮಾಗಿ ಮಲಗಿದ್ದಾನೆ, 0". ನೋವು ಇದೆಯೇನಪ್ಪಾ ಅಂದರೆ ಇಲ್ಲ ಅಂತ ತಲೆ ಅಲ್ಲಾಡಿಸಿದ. ಅವನ ತಾಯಿ ನನ್ನ ಸೆರಗು ಎಳೆದು ಮೆಲ್ಲಗೆ ಹೇಳಿದಳು, "ಬ್ಯಾನಿ ಐತಿ ಅಂದ್ರ ಸೂಜಿ ಚುಚ್ಚತೀರಿ ಅಂತ ಹೇಳಂಗಿಲ್ರೀ ಅಕ್ಕೋರ." ಅವತ್ತೇ ಡಾಕ್ಟರ ಹತ್ತಿರ ಮಾತಾಡಿ, ನೋವಿನ ಔಷಧಿಯನ್ನು ಮಕ್ಕಳ ಸೊಂಟಕ್ಕೆ ಚುಚ್ಚುವುದು ಬಂದ್ ಮಾಡಿಸಿದೆ. ಬಾಯಿಗೆ, ಇಲ್ಲ ರಕ್ತನಾಳಕ್ಕೆ ಮೊದಲೇ ಹಾಕಿರೋ ಕ್ಯಾನುಲಾ ನಳಿಕೆಗೆ, ಇಲ್ಲ ಗುದದ್ವಾರದಲ್ಲಿ ಇಡುವ ಸಪೋಸಿಟರಿ ಗುಳಿಗೆ. ಅರ್ಧ ಮಕ್ಕಳು ಬಾಯಿ ಬಿಟ್ಟಿದ್ದೇ ಅದರ ನಂತರ.

ಎರಡನೇ ಪ್ರಯತ್ನಕ್ಕೂ ಮೊದಲು ಒಂದು ಕೆಲಸ ಮಾಡಿದೆ. ಹಳೇ ಕೇಸ್ ಶೀಟ್ ಇಪ್ಪತ್ತನ್ನು ಹರವಿಕೊಂಡು ಕುಳಿತೆ. ಹೆಚ್ಚುಕಡಿಮೆ ಎಲ್ಲದರಲ್ಲೂ "ಪ್ಯಾರಾಸಿಟಮಾಲ್ ಎಸ್‌ಒಎಸ್". ಕೊಟ್ಟದ್ದು ನಾಲ್ಕೋ ಐದೋ ಮಕ್ಕಳಿಗೆ. ಇನ್ನೊಂದು ಕಣ್ಣಿಗೆ ಬಿತ್ತು: ಹರ್ನಿಯಾ, ಹೈಡ್ರೋಸಿಲ್ ಆಪರೇಷನ್ ಆದ ಮಕ್ಕಳೆಲ್ಲ ಮಧ್ಯಾಹ್ನ ಎರಡು, ಮೂರು ಗಂಟೆಗೆ ಚೀರಾಡಿದ್ದಾರೆ. ಯಾಕೆ? ಬೆಳಿಗ್ಗೆ ಒಂಬತ್ತೂವರೆ ಹತ್ತಕ್ಕೆ ಕಾಡಲ್ ಬ್ಲಾಕ್, ಅಂದರೆ ಬೆನ್ನಿನ ಬುಡಕ್ಕೆ ಚುಚ್ಚಿ ಸೊಂಟದ ಕೆಳಗೆ ಮರಗಟ್ಟಿಸುವ ಇಂಜೆಕ್ಷನ್, ಕೊಟ್ಟಿರುತ್ತಾರೆ, ಬರೀ ಬುಪಿವಕೈನ್ ಅನ್ನೋ ಮರಗಟ್ಟಿಸುವ ಔಷಧಿ ಆದರೆ ನಾಲ್ಕರಿಂದ ಆರು ತಾಸು ಅಷ್ಟೇ. ಸರಿಯಾಗಿ ಎರಡು ಗಂಟೆಯ ಶಿಫ್ಟ್ ಬದಲಾವಣೆ ಹೊತ್ತಿಗೆ ಅದು ಇಳಿಯುತ್ತೆ. ಬೆಳಗಿನ ಸಿಸ್ಟರ್ ಬ್ಯಾಗ್ ಹೆಗಲಿಗೆ ಹಾಕಿರುತ್ತಾಳೆ, ಮಧ್ಯಾಹ್ನದವಳು ಇನ್ನೂ ಯೂನಿಫಾರ್ಮ್ ಹಾಕುತ್ತಿರುತ್ತಾಳೆ, ನಡುವೆ ಮಗು ಎದ್ದು ಕಿರುಚುತ್ತೆ. ಎಷ್ಟು ವರ್ಷ ನಮ್ಮ ಕಣ್ಣ ಮುಂದೆಯೇ ಇತ್ತು, ನೋಡಿ. ಬ್ಲಾಕ್ ಇಳಿಯೋ ಮೊದಲೇ, ಒಂದು ಗಂಟೆಗೆ, ಮೊದಲ ಡೋಸ್ ಬೀಳಬೇಕು ಅಂತ ಮಾಡಿದೆವು. ಆಮೇಲೆ 6 ತಾಸಿಗೊಮ್ಮೆ, ಅತ್ತರೂ ಅಳದಿದ್ದರೂ. ಎಸ್‌ಒಎಸ್ ಬದಲು ಟೈಮ್ ಹಾಕಿ ಬರೆಯಲು ಸರ್ಜನ್‌ರನ್ನು ಹೇಗೆ ಒಪ್ಪಿಸಿದೆ ಅಂತ ಮಾತ್ರ ಹೇಳೋದಿಲ್ಲ. ಅವರು ಇದನ್ನು ಓದಿದರೆ ಮುಂದಿನ ಸಲ ಆ ಉಪಾಯ ನಡೆಯಲ್ಲ.

ಇನ್ನು ಕಲಿಸಿದ ರೀತಿ. ಕ್ಲಾಸ್ ಬಿಟ್ಟೆ. ಮಧ್ಯಾಹ್ನ ಎರಡು ಗಂಟೆಯ ಹ್ಯಾಂಡೋವರನ್ನು, ಅಂದರೆ ಒಂದು ಶಿಫ್ಟಿನವರು ಇನ್ನೊಂದು ಶಿಫ್ಟಿಗೆ ಮಕ್ಕಳನ್ನು ಒಪ್ಪಿಸುವುದನ್ನು, ಮೇಜಿನಿಂದ ಮಂಚದ ಹತ್ತಿರ ತಂದೆ. ಎರಡೂ ಶಿಫ್ಟಿನವರು ಒಂದೇ ಮಗುವನ್ನು ಒಂದು ನಿಮಿಷ ಮಾತಾಡದೆ ನೋಡಬೇಕು, ತಮ್ಮ ತಮ್ಮ ಅಂಗೈ ಮೇಲೆ ಪೆನ್ನಿನಲ್ಲಿ ಅಂಕ ಬರೆದುಕೊಳ್ಳಬೇಕು, ಆಮೇಲೆ ಒಟ್ಟಿಗೆ ಕೈ ತೆಗೆಯಬೇಕು. ಮೊದಲ ದಿನ ಒಂದೇ ಮಗುವಿಗೆ ಒಬ್ಬಳು 1, ಇನ್ನೊಬ್ಬಳು 6. ನಗು, ಜಗಳ, "ಕಾಲು ಮಡಚಿದ್ದು ನೋಡಲಿಲ್ವಾ ನೀನು?" ಅಲ್ಲೇ ಕಲಿಕೆ ಆಯ್ತು. ದಿನಕ್ಕೆ ಮೂರು ಮಗು, ಐದಾರು ನಿಮಿಷ. ಆರು ವಾರದಲ್ಲಿ ವ್ಯತ್ಯಾಸ ಒಂದೆರಡು ಅಂಕಕ್ಕೆ ಇಳಿಯಿತು. 4ರ ಮೇಲೆ ಬಂದರೆ ಏನಾದರೂ ಮಾಡಬೇಕು, ಒಂದು ತಾಸಿಗೆ ಮತ್ತೆ ನೋಡಬೇಕು. ಈ ಮತ್ತೆ ನೋಡೋದನ್ನೇ ಎಲ್ಲರೂ ಮರೆಯುವುದು. 250 ರೂಪಾಯಿಯ ಅಡುಗೆಮನೆ ಟೈಮರ್ ಎರಡು ತಂದೆ, ಒಂದು ಕಳುವಾಯಿತು.

ಒಂದು ಸಲ ಎದೆ ಧಸಕ್ ಅಂದಿತ್ತು. 12 ಕೆಜಿ ಮಗು, ಕೆಜಿಗೆ 15ರ ಲೆಕ್ಕದಲ್ಲಿ 180 ಮಿಲಿಗ್ರಾಂ ಪ್ಯಾರಾಸಿಟಮಾಲ್. 5 ಎಂಎಲ್‌ಗೆ 120 ಇರುವ ಸಿರಪ್ಪಿನಲ್ಲಿ ಏಳೂವರೆ ಎಂಎಲ್. ನಮ್ಮ ಸಿಸ್ಟರ್ ಹುಡುಗಿ ಲೆಕ್ಕ ಸರಿಯಾಗಿಯೇ ಮಾಡಿದ್ದಳು, ಆದರೆ ಮಗುವಿನ ತಂದೆ ಹೊರಗಿನ ಮೆಡಿಕಲ್‌ನಿಂದ ತಂದಿದ್ದು 5 ಎಂಎಲ್‌ಗೆ 250 ಇರುವ ಬಾಟಲಿ. ಸಿರಿಂಜ್ ಬಾಯಿಗೆ ಹೋಗೋ ಮುಂಚೆ ಜೊತೆಯವಳು ಲೇಬಲ್ ಓದಿದಳು, ಇಲ್ಲದಿದ್ದರೆ 375 ಹೋಗುತ್ತಿತ್ತು. ಈಗ ವಾರ್ಡಿನಲ್ಲಿ ಒಂದೇ ಸ್ಟ್ರೆಂತ್. ತೂಕವನ್ನು ತಾಯಿ ಬಾಯಿಂದ ಕೇಳಿ ಬರೆಯೋದೂ ನಿಂತಿತು, 2,000ದ ಹತ್ತಿರ ಕೊಟ್ಟು ತೂಕದ ಮಷಿನ್ ತರಿಸಿದೆ. ತೂಕದಲ್ಲೇ ಎರಡು ಮೂರು ಕೆಜಿ ತಪ್ಪು ಸಿಕ್ಕ ಮಕ್ಕಳು ಎಷ್ಟೋ. ಟ್ರಮಡಾಲ್ ಅನ್ನೋ ಜೋರಾದ ನೋವಿನ ಔಷಧಿ ಬರೆದ ಶೀಟ್ ಬಂದರೆ ನಮ್ಮವರು ವಯಸ್ಸು ನೋಡಿ ಡಾಕ್ಟರಿಗೆ ಫೋನ್ ಮಾಡುತ್ತಾರೆ. 12ರ ಕೆಳಗಿನ ಮಕ್ಕಳಿಗೆ ಬೇಡ ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಹೇಳಿದೆ. ಮೊದಲ ಫೋನಿಗೆ ಬೈಸಿಕೊಂಡವಳು ನಾನೇ.

ಸ್ವಲ್ಪ ದೊಡ್ಡ ಮಕ್ಕಳಿಗೆ ಮುಖದ ಚಿತ್ರಗಳ ಚಾರ್ಟ್ ಹಾಕಿದ್ದೆವು, ಲ್ಯಾಮಿನೇಷನ್ ಸೇರಿ ಒಂದಕ್ಕೆ 40 ರೂಪಾಯಿ. ನಮ್ಮಲ್ಲಿ ಅದು ಅಷ್ಟಕ್ಕಷ್ಟೆ. ನಗುವ ಮುಖ ಚೆಂದ ಕಾಣುತ್ತೆ ಅಂತ ಅದನ್ನೇ ತೋರಿಸುತ್ತಾರೆ. ಹೊರದೇಶದಲ್ಲಿ ನಾಲ್ಕು ಬಿಲ್ಲೆ ಕೊಟ್ಟು ನೋವು ಎಷ್ಟು ಬಿಲ್ಲೆ ಅಂತ ಕೇಳುವ ಪದ್ಧತಿ ಇದೆ. ನಾನು ಬಿಲ್ಲೆ ಬದಲು ಹುಣಸೆ ಬೀಜ ಕೊಟ್ಟೆ. ಪೆದ್ದ ಕೆಲಸ, ಒಬ್ಬ ಸೀದಾ ಬಾಯಿಗೆ ಹಾಕಿಕೊಂಡ. ಆಮೇಲೆ ಪ್ಲಾಸ್ಟಿಕ್ ಬಳೆ ತಂದೆ. "ಎಷ್ಟು ಬಳಿಯಷ್ಟು ಬ್ಯಾನಿ ಐತಿ?" ಅಂದರೆ ನಾಲ್ಕೈದು ವರ್ಷದವರು ತೆಗೆದು ಕೊಡುತ್ತಾರೆ. ತೆಲುಗು ಮಾತಾಡುವ ಮನೆಯ ಮಕ್ಕಳಿಗೂ, ತಾಂಡಾದವರಿಗೂ ನಡೆಯುತ್ತೆ. ಗಂಡು ಹುಡುಗರು ಮೊದಲು ನಾಚುತ್ತಾರೆ, ಅದಕ್ಕೂ ಒಂದು ಉಪಾಯ ಇದೆ, ಬಂದು ನೋಡಿ.

ಹಸುಗೂಸಿಗೆ ರಕ್ತ ತೆಗೆಯುವಾಗ ಎರಡು ಹನಿ ಸಕ್ಕರೆ ನೀರು, ಇಲ್ಲ ಎದೆಹಾಲು ಕುಡಿಸುತ್ತಲೇ ಚುಚ್ಚುವುದು, ಇದೂ ಶುರು ಮಾಡಿದೆವು. ಅಜ್ಜಿಯರು ಜೇನು ನೆಕ್ಕಿಸುತ್ತೇವೆ ಅನ್ನುತ್ತಾರೆ, ವರ್ಷದ ಒಳಗಿನ ಕೂಸಿಗೆ ಬೇಡವೇ ಬೇಡ. ಸಕ್ಕರೆ ನೀರು ಸೂಜಿಯ ನೋವಿಗೆ ಮಾತ್ರ, ಆಪರೇಷನ್ ನೋವಿಗೆ ಅದನ್ನೇ ನಂಬಿ ಕೂರಬೇಡಿ.

ಎಲ್ಲ ಸೇರಿ ಖರ್ಚು ಒಂಬತ್ತು ಸಾವಿರದ ಆಸುಪಾಸು, ಹಾಳಾದ ಆ ಊಟದ್ದೂ ಸೇರಿ. ಹೋದ ಸಲ ಇಪ್ಪತ್ತು ಶೀಟ್ ಹರವಿದಾಗ ಹದಿನೇಳೋ ಹದಿನೆಂಟೋ ಮಕ್ಕಳಿಗೆ ಹಗಲಿನ ಡೋಸ್ ಟೈಮಿಗೆ ಬಿದ್ದಿತ್ತು. ಕಲಿತ 11 ಜನರಲ್ಲಿ ಮೂವರು ಬೆಂಗಳೂರಿಗೆ ಹೋದರು, ಹೊಸಬರಿಗೆ ಮತ್ತೆ ಅಂಗೈ ಆಟ.

ರಾತ್ರಿ ಒಂದು ಗಂಟೆಯ ಡೋಸ್ ಇನ್ನೂ ಕೈಕೊಡುತ್ತೆ. "ಈಗ ಮಲಗ್ಯಾನ, ಎಬ್ಬಸಬ್ಯಾಡ್ರೀ" ಅಂತ ತಾಯಂದಿರು ಅಡ್ಡ ನಿಲ್ಲುತ್ತಾರೆ, ಸಿಸ್ಟರ್ ಕೂಡ ಸರಿ ಅಂತ ವಾಪಸ್ ಬರುತ್ತಾಳೆ, ನಾಲ್ಕಕ್ಕೆ ಇಡೀ ವಾರ್ಡ್ ಎದ್ದಿರುತ್ತೆ. ಈ ತಿಂಗಳಿಂದ ಸಂಜೆಯೇ ತಾಯಿಯನ್ನು ಕೂರಿಸಿಕೊಂಡು, ರಾತ್ರಿ ಯಾವ ಹೊತ್ತಿಗೆ ಎಬ್ಬಿಸುತ್ತೇವೆ ಅಂತ ಹೇಳಿ, ಸಿರಿಂಜಿನಿಂದ ಕುಡಿಸೋದನ್ನು ಅವಳ ಕೈಯಲ್ಲೇ ಒಂದು ಸಲ ಮಾಡಿಸುತ್ತಿದ್ದೇವೆ. ಇಲ್ಲಿಯವರೆಗೆ ಏಳು ಜನ ಒಪ್ಪಿದ್ದಾರೆ, ಇಬ್ಬರು ಬಾಗಿಲಿಗೆ ಅಡ್ಡ ಮಲಗಿದ್ದರು.