ಪ್ರಾಸ್ಟೇಟ್ ಕ್ಯಾನ್ಸರ್ ಮುಂದುವರಿದಿರೋ ಗಂಡಸ್ರಿಗೆ ವಿಟಮಿನ್ ಡಿ: ಕೊಡಗಿನ ಮನೇಲಿ ಕೊಡೋದು ಹೇಗೆ

ಮೊದ್ಲೇ ಹೇಳಿಬಿಡ್ತೀನಿ, ಈ ವಿಟಮಿನ್ ಡಿ ಕೊಡೋದು ಮೂಳೆಗೋಸ್ಕರ. ಕ್ಯಾನ್ಸರ್ ಕರಗತ್ತೆ, ಪಿಎಸ್ಎ (ಪ್ರಾಸ್ಟೇಟ್ ಕಾಯಿಲೆಗೆ ನೋಡೋ ರಕ್ತದ ಲೆಕ್ಕ) ಇಳಿಯತ್ತೆ ಅಂತ ವಾಟ್ಸಾಪಲ್ಲಿ ಬಂದಿದ್ದನ್ನ ನಂಬ್ಕೊಂಡು ವಾರಕ್ಕೊಂದು ಬರೆದುಕೊಟ್ಟಿದ್ದ ವಿಟಮಿನ್ ಡಿ ಪುಡಿ ಪ್ಯಾಕೆಟ್, ಅಂದ್ರೆ ಸ್ಯಾಶೆನ, ದಿನಾ ಕುಡಿಸೋರು ನಮ್ಮ ಕಡೆ ಇದಾರೆ, ಅದಕ್ಕೇ ಇಷ್ಟುದ್ದ ಬರೀತಿದೀನಿ. ನಾನು ಡಾಕ್ಟರ್ ಅಲ್ಲ, ಮಾವನವರ ಮಾತ್ರೆ ಡಬ್ಬಿ ತುಂಬ್ಸೋ ಸೊಸೆ ಅಷ್ಟೆ. ಡೋಸ್ ಎಷ್ಟು ಅನ್ನೋದನ್ನ ನಿಮ್ಮ ಡಾಕ್ಟರೇ ಹೇಳ್ಬೇಕು, ಅವರತ್ರ ಏನು ಕೇಳ್ಬೇಕು, ಮನೇಲಿ ಏನು ನೋಡ್ಕೋಬೇಕು ಅನ್ನೋದು ಇಲ್ಲಿದೆ.

ಮೂಳೆಗೆ ಯಾಕೆ ಇಷ್ಟು ಗಮನ ಅಂದ್ರೆ, ಕಾಯಿಲೆ ಮುಂದುವರಿದಿದೆ ಅಂದ್ಮೇಲೆ ಹಾರ್ಮೋನ್ ಇಂಜೆಕ್ಷನ್ ಶುರುವಾಗತ್ತೆ, ಚೀಟೀಲಿ ಲ್ಯೂಪ್ರೊಲೈಡ್ ಅಂತಲೋ ಡೆಗಾರೆಲಿಕ್ಸ್ ಅಂತಲೋ ಇರತ್ತೆ, ಕೆಲವ್ರಿಗೆ ಬೀಜ ತೆಗೆಯೋ ಆಪರೇಷನ್ನೇ ಮಾಡಿರ್ತಾರೆ. ಎರಡರಲ್ಲೂ ಟೆಸ್ಟೊಸ್ಟೆರಾನ್ ತಳ ಸೇರತ್ತೆ, ಅದರ ಜೊತೆಗೇ ಮೂಳೆ ಸವೆಯೋಕೆ ಶುರು, ಮೊದಲ ವರ್ಷದಲ್ಲಿ ಜಾಸ್ತಿನೇ ಸವೆಯತ್ತೆ. ಮೇಲಿಂದ ಈ ಕ್ಯಾನ್ಸರ್ ಹರಡಿದ್ರೆ ಮೊದಲು ಹೋಗೋ ಜಾಗಗಳಲ್ಲಿ ಮೂಳೆನೇ ಮುಖ್ಯ, ಸೊಂಟ, ಬೆನ್ನುಮೂಳೆ, ಪಕ್ಕೆಲುಬು. ಅಬಿರಾಟೆರೋನ್ ಅನ್ನೋ ಕ್ಯಾನ್ಸರ್ ಮಾತ್ರೆ ಕೊಟ್ಟಿದ್ರೆ ಅದರ ಜೊತೆ ಪ್ರೆಡ್ನಿಸೊಲೋನ್ ಇರತ್ತೆ, ಅದು ಸ್ಟೀರಾಯ್ಡ್, ಅದೂ ಮೂಳೆ ತಿನ್ನತ್ತೆ. ಇಷ್ಟೆಲ್ಲ ಇರೋವಾಗ ವಿಟಮಿನ್ ಡಿನೂ ಕಡಿಮೆ ಇದ್ರೆ ತಿಂದ ಕ್ಯಾಲ್ಸಿಯಂ ಮೈಗೆ ಸರಿಯಾಗಿ ಹತ್ತಲ್ಲ.

ಮಾವನವರ ವಾದ ಬೇರೆ. "ಜೀವಮಾನ ಪೂರ್ತಿ ತೋಟದಲ್ಲಿ ಬಿಸಿಲು ಕುಡಿದೋನಿಗೆ ಎಂಥ ವಿಟಮಿನ್ನಮ್ಮ?" ಅಂತಾರೆ. ಆದ್ರೆ ಮೈ ಅದನ್ನ ವರ್ಷಗಟ್ಟಲೆ ಕೂಡಿಡಲ್ಲ, ಕೆಲವು ವಾರ ಕೆಲವು ತಿಂಗಳಷ್ಟೆ. ನಮ್ಮಲ್ಲಿ ಜೂನಿಂದ ಸೆಪ್ಟೆಂಬರ್ ತನಕ ಮೋಡ ಬಿಡಲ್ಲ, ಭಾಗಮಂಡಲ ಕಡೆ ಕೇಳೋದೇ ಬೇಡ, ಕಕ್ಕಡ ತಿಂಗಳಲ್ಲಿ ವಯಸ್ಸಾದೋರು ಸ್ವೆಟರ್ ಹಾಕ್ಕೊಂಡು ಒಲೆ ಪಕ್ಕ ಕೂತ್ರೆ ಏಳೋದು ಸೆಪ್ಟೆಂಬರ್ ಶುರುವಿನ ಕೈಲ್ ಪೊಳ್ದ್ ಹಬ್ಬದ ಹೊತ್ತಿಗೆ. ತೋಟದೊಳಗೆ ಓಡಾಡಿದ್ರೂ ಸಿಲ್ವರ್ ಓಕ್ ನೆರಳೇ ಜಾಸ್ತಿ. ಕಿಟಕಿ ಗಾಜಿನ ಹಿಂದೆ ಕೂತು ಬಿಸಿಲು ಕಾಯಿಸ್ಕೊಂಡ್ರೆ ಹಿತ ಇರತ್ತೆ, ವಿಟಮಿನ್ ತಯಾರಾಗಲ್ಲ, ಅದಕ್ಕೆ ಬೇಕಾದ ಕಿರಣನ ಗಾಜು ಒಳಗೆ ಬಿಡಲ್ಲ. ಕಾಫಿ ಕಣದಲ್ಲಿ ಒಣಗ್ಸೋ ತಿಂಗಳುಗಳಲ್ಲಿ ಬೆಳಿಗ್ಗೆ ಹತ್ತರ ಮೇಲೆ ಕೈಕಾಲಿಗೆ ಬಿಸಿಲು ತಾಗೋ ಹಾಗೆ ಕೂರಿಸಿ, ಒಳ್ಳೇದು, ಆದ್ರೆ ನಮ್ಮ ಮೈಬಣ್ಣಕ್ಕೆ, ಆ ವಯಸ್ಸಿನ ಚರ್ಮಕ್ಕೆ, ಅದೊಂದೇ ಸಾಕಾಗತ್ತೆ ಅಂತ ಕೂರೋಕಾಗಲ್ಲ.

ಹಾಗಾಗಿ ಮೊದಲ ಕೆಲಸ ರಕ್ತ ಪರೀಕ್ಷೆ. 25 ಹೈಡ್ರಾಕ್ಸಿ ವಿಟಮಿನ್ ಡಿ ಅಂತ ಹೆಸರು ಹಿಡಿದೇ ಕೇಳಿ, 1,25 ಅಂತ ಇನ್ನೊಂದಿದೆ, ಕೊರತೆ ತಿಳಿಯೋಕೆ ಅದು ಉಪಯೋಗ ಇಲ್ಲ. ರಿಪೋರ್ಟ್ ನ್ಯಾನೋಗ್ರಾಂ ಲೆಕ್ಕದಲ್ಲಿ ಬಂದ್ರೆ 20ಕ್ಕಿಂತ ಕೆಳಗೆ ಕೊರತೆ, 20ರಿಂದ 30 ಸಾಲದು, ಡಾಕ್ಟರ್‌ಗಳು ಸಾಮಾನ್ಯವಾಗಿ 30ರ ಮೇಲೆ ಇರ್ಲಿ ಅಂತಾರೆ, 100 ದಾಟಿದ್ರೆ ಅತಿಯಾಯ್ತು. ಕೆಲವು ಲ್ಯಾಬ್ ನ್ಯಾನೋಮೋಲ್ ಅಂತ ಕೊಡ್ತಾರೆ, ಆಗ ಎರಡೂವರೆಯಿಂದ ಭಾಗಿಸ್ಕೊಳ್ಳಿ, ಇಲ್ಲಾಂದ್ರೆ 50 ನೋಡಿ ಪರವಾಗಿಲ್ಲ ಅಂದ್ಕೊತೀರಿ, ಅದು ನಿಜವಾಗಿ 20. ಅದೇ ಸೂಜೀಲಿ ಕ್ಯಾಲ್ಸಿಯಂ, ಆಲ್ಬುಮಿನ್ (ರಕ್ತದ ಪ್ರೋಟೀನ್), ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ಹೇಳೋದು) ಕೂಡ ಮಾಡಿಸಿಬಿಡಿ. ಆಲ್ಬುಮಿನ್ ಯಾಕಂದ್ರೆ ಕಾಯಿಲೆಯಲ್ಲಿ ಅದು ಇಳಿದಿರತ್ತೆ, ಆಗ ಕ್ಯಾಲ್ಸಿಯಂ ಇರೋದಕ್ಕಿಂತ ಕಡಿಮೆ ಕಾಣತ್ತೆ, ಡಾಕ್ಟರ್ ಲೆಕ್ಕ ಸರಿಪಡಿಸಿ ನೋಡ್ತಾರೆ.

ಈಗ ಡೋಸ್. ಐವತ್ತು ದಾಟಿದ ಗಂಡಸ್ರಿಗೆ, ಹಾರ್ಮೋನ್ ಇಂಜೆಕ್ಷನ್ ಮೇಲಿರೋರಿಗೆ, ಸಾಮಾನ್ಯವಾಗಿ ಹೇಳೋದು ದಿನಕ್ಕೆ 800ರಿಂದ 1000 ಯೂನಿಟ್ ಡಿ3 (ಮಾಮೂಲಿ ವಿಟಮಿನ್ ಡಿ), ಜೊತೆಗೆ ಊಟ ಮಾತ್ರೆ ಎಲ್ಲ ಸೇರಿ 1000ರಿಂದ 1200 ಮಿಲಿಗ್ರಾಂ ಕ್ಯಾಲ್ಸಿಯಂ. ರಿಪೋರ್ಟಲ್ಲಿ ಕೊರತೆ ಬಂದಿದ್ರೆ ನಮ್ಮ ದೇಶದಲ್ಲಿ ಹೆಚ್ಚಿನ ಡಾಕ್ಟರ್‌ಗಳು ಬರೆಯೋದು 60,000 ಯೂನಿಟ್‌ನ ಸ್ಯಾಶೆ ಅಥವಾ ಕ್ಯಾಪ್ಸೂಲ್, ವಾರಕ್ಕೆ ಒಂದು, 8 ವಾರ. ಆಮೇಲೆ ತಿಂಗಳಿಗೊಂದು ಅಥವಾ ದಿನಾ ಸಣ್ಣ ಡೋಸ್, ಅದು ಅವರವರ ರಿಪೋರ್ಟ್ ಮೇಲೆ. ಡಾಕ್ಟರ್ ಹೇಳದೆ ನಾವಾಗೇ ದಿನಕ್ಕೆ 4000 ಯೂನಿಟ್ ದಾಟ್ಬಾರ್ದು ಅನ್ನೋದು ಗೆರೆ, ಹಾಗಿರೋವಾಗ ದಿನಾ ಒಂದು ಸ್ಯಾಶೆ ಅಂದ್ರೆ ಅದರ ಹದಿನೈದು ಪಟ್ಟು. ವಾರದ್ದು ಅಂದ್ರೆ ವಾರದ್ದೇ. ವಾರದಲ್ಲಿ ಒಂದು ದಿನ ಗೊತ್ತುಮಾಡ್ಕೊಂಡು ಕ್ಯಾಲೆಂಡರಲ್ಲಿ ಗುರುತು ಹಾಕಿ, ನಮ್ಮನೇಲಿ ಗೋಣಿಕೊಪ್ಪ ಸಂತೆ ದಿನ, ಯಾರಿಗೂ ಮರೆಯಲ್ಲ.

ಆರು ಲಕ್ಷ ಯೂನಿಟ್‌ನ ಒಂದೇ ಇಂಜೆಕ್ಷನ್ ಹಾಕ್ಸಿ ಮುಗಿಸಿಬಿಡೋಣ ಅಂತ ಯಾರಾದ್ರೂ ಅಂದ್ರೆ ನನಗೆ ಇಷ್ಟ ಇಲ್ಲ. ವರ್ಷಕ್ಕೊಂದು ಸಲ 5 ಲಕ್ಷ ಯೂನಿಟ್ ಕುಡಿಸಿ ನೋಡಿದ ವಯಸ್ಸಾದ ಹೆಂಗಸರಲ್ಲಿ ಬೀಳೋದು, ಮೂಳೆ ಮುರಿಯೋದು ಎರಡೂ ಜಾಸ್ತಿಯಾಗಿತ್ತು, 2010ರಲ್ಲಿ ಅದರ ವರದಿ ಬಂತು. ಮೂಳೆ ಮೊದ್ಲೇ ಹಾಳಾಗಿರೋರಿಗೆ ಬೇಕಾ ಅದು?

ಮೆಡಿಕಲ್ ಶಾಪಲ್ಲಿ ಪ್ಯಾಕೆಟ್ ತಿರುಗಿಸಿ ಓದಿ, ಇದು ದಯವಿಟ್ಟು ಮಾಡಿ. ಕೊಲೆಕ್ಯಾಲ್ಸಿಫೆರಾಲ್ ಅಂತಿದ್ರೆ ಅದು ಮಾಮೂಲಿ ಡಿ3. ಕ್ಯಾಲ್ಸಿಟ್ರಿಯಾಲ್ ಅಂತಿದ್ರೆ ಅದು ತಯಾರಾಗಿರೋ, ನೇರ ಕೆಲಸ ಮಾಡೋ ರೂಪ, ರಕ್ತದಲ್ಲಿ ಕ್ಯಾಲ್ಸಿಯಂ ಬೇಗ ಏರಿಸತ್ತೆ. ಎಷ್ಟೋ ಕ್ಯಾಲ್ಸಿಯಂ ಸಾಫ್ಟ್‌ಜೆಲ್‌ಗಳಲ್ಲಿ 0.25 ಮೈಕ್ರೋಗ್ರಾಂ ಕ್ಯಾಲ್ಸಿಟ್ರಿಯಾಲ್ ಸೇರಿಸಿರ್ತಾರೆ, ಅದನ್ನ ಒಂದು ಕಡೆ ತಗೊಂಡು, ಸ್ಯಾಶೆ ಇನ್ನೊಂದು ಕಡೆ, ಶಕ್ತಿಗೆ ಅಂತ ಮಗಳು ಬೆಂಗಳೂರಿಂದ ಕಳ್ಸಿದ ಮಲ್ಟಿವಿಟಮಿನ್ ಮತ್ತೊಂದು ಕಡೆ, ಮೂರೂ ಸೇರಿದ್ರೆ ಲೆಕ್ಕ ಯಾರಿಗೂ ಸಿಗಲ್ಲ. ಎಲ್ಲ ಪ್ಯಾಕೆಟ್ ಒಂದು ಚೀಲದಲ್ಲಿ ಹಾಕ್ಕೊಂಡು ಹೋಗಿ ಡಾಕ್ಟರ್ ಮೇಜಿನ ಮೇಲೆ ಸುರೀರಿ. ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿಲಿಗ್ರಾಂ ಅಂತ ಬರೆದಿದ್ರೆ ಅದರಲ್ಲಿ ಮೈಗೆ ಸಿಗೋ ಲೆಕ್ಕದ ಕ್ಯಾಲ್ಸಿಯಂ 500, ಅದನ್ನೂ ಗಮನಿಸಿ.

ಈ ಕ್ಯಾಲ್ಸಿಟ್ರಿಯಾಲ್ ಕಥೆ ಇನ್ನೂ ಇದೆ. ಜಾಸ್ತಿ ಡೋಸಲ್ಲಿ ಕೊಟ್ರೆ ಕ್ಯಾನ್ಸರಿಗೇ ಕೆಲಸ ಮಾಡಬಹುದೇನೋ ಅಂತ ಡೊಸೆಟಾಕ್ಸೆಲ್ ಕೀಮೋ ಜೊತೆ ಸೇರಿಸಿ ಮುಂದುವರಿದ ಪ್ರಾಸ್ಟೇಟ್ ಕ್ಯಾನ್ಸರ್ ಇರೋರಲ್ಲೇ ದೊಡ್ಡ ಪ್ರಯೋಗ ಮಾಡಿದ್ರು, ಅಸೆಂಟ್ 2 ಅಂತ ಹೆಸರು. ಅದು ಸೇರಿಸಿದ ಗುಂಪಲ್ಲಿ ಸಾವು ಜಾಸ್ತಿ ಕಂಡು 2007ರಲ್ಲಿ ಮಧ್ಯದಲ್ಲೇ ನಿಲ್ಲಿಸಿದ್ರು. ಎರಡು ಗುಂಪಿಗೂ ಕೀಮೋ ಕೊಡೋ ಕ್ರಮ ಬೇರೆ ಇತ್ತು, ಹಾಗಾಗಿ ತಪ್ಪೆಲ್ಲ ವಿಟಮಿನ್ನದ್ದೇ ಅನ್ನೋಕಾಗಲ್ಲ, ಆದ್ರೆ ಲಾಭ ಅಂತೂ ಸಿಗ್ಲಿಲ್ಲ. ಮಾಮೂಲಿ ಡಿ3 ವಿಷ್ಯಕ್ಕೆ ಬಂದ್ರೆ ಅಮೆರಿಕದ ವೈಟಲ್ ಪ್ರಯೋಗದಲ್ಲಿ 25,000ಕ್ಕೂ ಹೆಚ್ಚು ಜನ, ಅರ್ಧ ಜನಕ್ಕೆ ದಿನಾ 2000 ಯೂನಿಟ್, ವರ್ಷಗಟ್ಟಲೆ. ಕ್ಯಾನ್ಸರ್ ಬರೋದು ಕಡಿಮೆ ಆಗ್ಲಿಲ್ಲ, ಪ್ರಾಸ್ಟೇಟ್ ಕೂಡ ಅಷ್ಟೇ. ವಾಟ್ಸಾಪ್ ಮಾವಂದಿರಿಗೆ ಇದನ್ನ ಕಳ್ಸಿ.

ಯಾವಾಗ ಕೊಡೋದು ಅಂದ್ರೆ, ಡಿ ಕೊಬ್ಬಲ್ಲಿ ಕರಗೋ ವಿಟಮಿನ್, ಜಿಡ್ಡಿರೋ ಊಟದ ಜೊತೆ ಚೆನ್ನಾಗಿ ಹತ್ತತ್ತೆ. ಪಂದಿ ಕರಿ ಕಡಂಬುಟ್ಟು ಮಾಡಿದ ದಿನ ಅದೇ ಊಟಕ್ಕೆ ಕೊಡಿ (ಬೇಡ ಅನ್ನೋರಿಗೆ ತುಪ್ಪ, ಮೊಟ್ಟೆ, ಹಾಲು ಆಯ್ತು). ಇಲ್ಲಿ ಒಂದು ಎಡವಟ್ಟು ಜಾಗ ಇದೆ: ಅಬಿರಾಟೆರೋನ್ ಖಾಲಿ ಹೊಟ್ಟೇಲೇ ತಗೋಬೇಕು, ಊಟ ಆಗಿ ಎರಡು ಗಂಟೆ ಬಿಟ್ಟು, ತಗೊಂಡ ಮೇಲೆ ಒಂದು ಗಂಟೆ ಏನೂ ತಿನ್ನದೆ, ಊಟದ ಜೊತೆ ತಗೊಂಡ್ರೆ ಅದು ರಕ್ತಕ್ಕೆ ವಿಪರೀತ ಸೇರತ್ತೆ. ಹಾಗಾಗಿ ಎಲ್ಲ ಮಾತ್ರೆ ಒಟ್ಟಿಗೆ ಬಾಯಿಗೆ ಹಾಕೋ ಅಭ್ಯಾಸ ಬಿಡ್ಸಿ, ಅಬಿರಾಟೆರೋನ್ ಬೆಳಿಗ್ಗೆ ಎದ್ದ ತಕ್ಷಣ, ಡಿ ಮಧ್ಯಾಹ್ನ ಊಟಕ್ಕೆ. ಥೈರಾಯ್ಡ್ ಮಾತ್ರೆ ಇದ್ರೆ ಕ್ಯಾಲ್ಸಿಯಂಗೂ ಅದಕ್ಕೂ ನಾಲ್ಕು ಗಂಟೆ ಅಂತರ ಬೇಕು. ಬಿಪಿಗೆ ಥಯಾಜೈಡ್ ಜಾತಿ ಮಾತ್ರೆ, ಹೃದಯಕ್ಕೆ ಡಿಗಾಕ್ಸಿನ್, ಫಿಟ್ಸ್‌ಗೆ ಫೆನಿಟಾಯಿನ್ ಇದ್ರೆ, ಕಿಡ್ನಿ ಕಲ್ಲು ಬಂದಿದ್ರೆ, ಬಾಯಿಬಿಟ್ಟು ಹೇಳಿ.

ಕ್ಯಾಲ್ಸಿಯಂ ಆದಷ್ಟು ಊಟದಿಂದ ಬರ್ಲಿ. ಅಕ್ಕಿ ರೊಟ್ಟಿ, ನೂಲ್‌ಪುಟ್ಟಲ್ಲಿ ಅದು ಹೆಚ್ಚಿಲ್ಲ. ರಾಗಿ ನೂರು ಗ್ರಾಂಗೆ 350 ಮಿಲಿಗ್ರಾಂ ಹತ್ತಿರ ಇದೆ, ಒಂದು ಲೋಟ ಹಾಲಲ್ಲಿ 240ರಷ್ಟು, ಮುಳ್ಳು ಸಮೇತ ತಿನ್ನೋ ಮತ್ತಿ ಮೀನಲ್ಲಿ ಕ್ಯಾಲ್ಸಿಯಂ ಜೊತೆ ಸ್ವಲ್ಪ ಡಿನೂ ಸಿಗತ್ತೆ.

ಮೂಳೆಗೆ ಹರಡಿದೆ ಅಂತ ಜೊಲೆಡ್ರೊನಿಕ್ ಆಸಿಡ್ ಡ್ರಿಪ್ ಅಥವಾ ಡೆನೊಸುಮಾಬ್ ಇಂಜೆಕ್ಷನ್ ಬರೆದಿದ್ರೆ ಈ ಭಾಗ ಎರಡು ಸಲ ಓದಿ. ಇವೆರಡೂ ಮೂಳೆಯಿಂದ ಕ್ಯಾಲ್ಸಿಯಂ ಹೊರಗೆ ಬರೋದನ್ನ ತಡೀತವೆ, ಮೈಯಲ್ಲಿ ವಿಟಮಿನ್ ಡಿ ಇಲ್ಲದೆ ಇದ್ದಾಗ ಕೊಟ್ರೆ ರಕ್ತದ ಕ್ಯಾಲ್ಸಿಯಂ ದಿಢೀರ್ ಕುಸಿಯತ್ತೆ, ಕಿಡ್ನಿ ವೀಕ್ ಇರೋರಲ್ಲಿ ಇನ್ನೂ ಅಪಾಯ. ಅದಕ್ಕೇ ಮೊದಲು ಡಿ ಮಟ್ಟ ಸರಿಮಾಡಿ ಆಮೇಲೆ ಇಂಜೆಕ್ಷನ್. ಡೋಸ್ ಹಾಕ್ಸೋಕೆ ಮೈಸೂರು ಬಸ್ ಹತ್ತೋ ಮುಂಚೆನೇ ಇಲ್ಲೇ ಮಡಿಕೇರಿಯಲ್ಲೋ ಕುಶಾಲನಗರದಲ್ಲೋ ಕ್ಯಾಲ್ಸಿಯಂ, ಕ್ರಿಯಾಟಿನಿನ್ ಮಾಡಿಸಿ ರಿಪೋರ್ಟ್ ಕೈಲಿ ಹಿಡ್ಕೊಂಡು ಹೋದ್ರೆ ಅಲ್ಲಿ ಹೋಗಿ ಡೋಸ್ ಸಿಗದೆ ವಾಪಸ್ ಬರೋ ಪಾಡು ತಪ್ಪತ್ತೆ. ಡೆನೊಸುಮಾಬ್ 2ರಿಂದ 8 ಡಿಗ್ರಿ ಫ್ರಿಜ್ಜಲ್ಲಿರ್ಬೇಕು, ನಮ್ಮ ಮಳೆಗಾಲದ ಕರೆಂಟ್ ನಂಬಿ ಮನೇಲಿ ಇಡೋ ಬದ್ಲು ಹಾಕೋ ಕಡೆನೇ ತಗೊಳ್ಳಿ. ಶುರು ಮಾಡೋ ಮುಂಚೆ ಹಲ್ಲಿನ ಡಾಕ್ಟರಿಗೂ ತೋರ್ಸಿ, ಎಲೆಅಡಿಕೆ ಹಾಕಿ ಹಲ್ಲು ಅಲ್ಲಾಡ್ತಿರೋರು ಅಂತೂ ಖಂಡಿತ, ಕೀಳೋದಿದ್ರೆ ಮೊದ್ಲೇ ಕೀಳಿಸಿ ವಾಸಿಯಾಗ್ಬೇಕು, ಇಂಜೆಕ್ಷನ್ ಶುರುವಾದ್ಮೇಲೆ ಹಲ್ಲು ಕಿತ್ರೆ ದವಡೆ ಮೂಳೆ ಕೊಳೆಯೋ ಸಾಧ್ಯತೆ ಇದೆ.

ಇಂಜೆಕ್ಷನ್ ಆದ್ಮೇಲೆ ತುಟಿ ಸುತ್ತ, ಬೆರಳ ತುದಿ ಜುಮ್ಮೆನ್ನೋದು, ಮಾಂಸಖಂಡ ಹಿಡ್ಕೊಳ್ಳೋದು ಕಂಡ್ರೆ ಕ್ಯಾಲ್ಸಿಯಂ ಇಳಿದಿರಬಹುದು, ಅವತ್ತೇ ಫೋನ್ ಮಾಡಿ. ತದ್ವಿರುದ್ಧವಾಗಿ ಬಾಯಾರಿಕೆ ಜಾಸ್ತಿ, ಪದೇ ಪದೇ ಮೂತ್ರ, ಮಲಬದ್ಧತೆ, ವಾಕರಿಕೆ, ಮಾತು ಗೊಂದಲ ಆದ್ರೆ ಕ್ಯಾಲ್ಸಿಯಂ ಏರಿರಬಹುದು, ಆಗ ಡಿನೂ ಕ್ಯಾಲ್ಸಿಯಂ ಮಾತ್ರೆನೂ ನಿಲ್ಸಿ ತಕ್ಷಣ ಆಸ್ಪತ್ರೆಗೆ ಹೋಗಿ. ಕೀಮೋದ್ದೇ ಸುಸ್ತು ಅಂತ ಬಿಟ್ಬಿಡ್ಬೇಡಿ.

ಸ್ಯಾಶೆ ಪ್ಯಾಕೆಟ್ ಮಳೆಗಾಲದಲ್ಲಿ ತೇವ ಎಳ್ಕೊಳ್ಳತ್ತೆ, ಬಿಗಿ ಮುಚ್ಚಳದ ಡಬ್ಬೀಲಿಡಿ. ಮೂರು ತಿಂಗಳಾದ್ಮೇಲೆ ಡಿ ಮಟ್ಟ ಮತ್ತೆ ನೋಡ್ಸಿ, ಅದಕ್ಕಿಂತ ಮುಂಚೆ ಮಾಡ್ಸಿದ್ರೆ ದುಡ್ಡು ದಂಡ. ಒಂದು ವಾರದ ಸ್ಯಾಶೆ ಮರೆತುಹೋದ್ರೆ ನೆನಪಾದ ದಿನ ಕೊಡಿ, ಮುಂದಿನ ವಾರ ಎರಡು ಸೇರಿಸಿ ಕೊಡೋಕೆ ಹೋಗ್ಬೇಡಿ.