ಇಂಗ್ಲಿಷ್ ಪ್ಯಾರಾಕ್ಕೆ ಕನ್ನಡದಲ್ಲಿ ಎರಡು ಸಾಲು

ಡಿಗ್ರಿ ಮಕ್ಕಳಿಗೆ ಇಂಗ್ಲಿಷ್ ಲೇಖನ ಓದಿಸುವವರು ಇದನ್ನೊಮ್ಮೆ ಮಾಡಿಸಿ ನೋಡಿ: ಪ್ಯಾರಾ ಮುಗಿದ ಕೂಡಲೇ ಹಾಳೆ ಮಗುಚಿಟ್ಟು, ನೋಟ್‌ಬುಕ್ಕಿನಲ್ಲಿ ಎರಡೇ ಸಾಲು, ಕನ್ನಡದಲ್ಲೇ ಬರೆಸಿ. ಮೊದಲ ಸಾಲು: ಲೇಖಕರು ನಮ್ಮನ್ನು ಯಾವ ಮಾತಿಗೆ ಒಪ್ಪಿಸಲು ಹೊರಟಿದ್ದಾರೆ. ಎರಡನೆಯದು: ಅದಕ್ಕೆ ಕೊಟ್ಟ ಆಧಾರ ಏನು. ಎರಡನೇ ಸಾಲು ಖಾಲಿ ಉಳಿದರೆ ಅಲ್ಲೊಂದು ಪ್ರಶ್ನೆ ಚಿಹ್ನೆ. ಪದ, ವಾಕ್ಯ ಬಿಡಿಸುವುದರಲ್ಲೇ ತಲೆ ದಣಿದಾಗ ‘ಇದು ಸರಿಯಾ?’ ಅಂತ ಕೇಳಲು ತ್ರಾಣ ಉಳಿದಿರಲ್ಲ. ಕನ್ನಡಕ್ಕೆ ಬಂದರೆ ಆ ಹೊರೆ ಇಳಿಯುತ್ತದೆ, ಹಾಳೆ ಮಗುಚಿದ್ದರಿಂದ ಸಾಲು ಕದಿಯಲೂ ಆಗಲ್ಲ. ‘ಮಲೆನಾಡಲ್ಲಿ ಮಳೆ ಹೆಚ್ಚಾಗಿ ಫಸಲು ಉದುರಿದೆ, ಹಾಗಾಗಿ ಕಾಫಿ ರೇಟು ಏರಲಿದೆ’ ಎಂಬರ್ಥದ ಪ್ಯಾರಾ ಕೊಡಿ. ಮೂಡಿಗೆರೆ, ಸಕಲೇಶಪುರ ಕಡೆಯ ತೋಟದ ಮನೆ ಮಕ್ಕಳು ಎರಡನೇ ಸಾಲಿನಲ್ಲೇ ಹಿಡಿಯುತ್ತಾರೆ: ಆಧಾರ ಇರುವುದು ಮಳೆಗೆ, ರೇಟಿಗಲ್ಲ. ರೇಟಿಗಾದರೆ, ಕಾಫಿಯ ಎರಡು ಬಗೆಗಳಲ್ಲಿ ಅರೇಬಿಕಾಕ್ಕೆ ನ್ಯೂಯಾರ್ಕ್, ರೋಬಸ್ಟಾಕ್ಕೆ ಲಂಡನ್ ಮಾರುಕಟ್ಟೆ ನೋಡಬೇಕು. ಬ್ರೆಜಿಲ್, ವಿಯೆಟ್ನಾಂ ಬೆಳೆ ಚೆನ್ನಾಗಿದ್ದರೆ ನಮ್ಮ ಫಸಲು ಕಮ್ಮಿಯಾದರೂ ರೇಟು ಏರಬೇಕೆಂದಿಲ್ಲ. ನೂರು ಪದಕ್ಕೆ ಐದಾರಕ್ಕಿಂತ ಹೆಚ್ಚು ಗೊತ್ತಿಲ್ಲದ್ದು ಬಂದರೆ ಇದು ನಡೆಯಲ್ಲ, ಬರೀ ಊಹೆ ಬರೆಯುತ್ತಾರೆ, ಮೊದಲು ಸುಲಭದ ಪಠ್ಯ ಕೊಡಿ. ಕವಿತೆಗೂ ಬೇಡ, ಅಲ್ಲಿ ಆಧಾರ ಹುಡುಕುತ್ತಾ ಕೂತರೆ ಕವಿತೆಯೇ ಕೈಬಿಡುತ್ತದೆ. ಇಡೀ ಪ್ಯಾರಾ ಅನುವಾದಕ್ಕೆ ಇಳಿದರೆ ತಡೆಯಿರಿ, ಎರಡು ಸಾಲು ದಾಟಬಾರದು. ಪರೀಕ್ಷೆಯ ಉತ್ತರ ಇಂಗ್ಲಿಷಿನಲ್ಲೇ ಬೇಕಲ್ಲ, ಸೆಮಿಸ್ಟರ್ ಅರ್ಧ ಕಳೆದ ಮೇಲೆ ಮೊದಲ ಸಾಲನ್ನಷ್ಟೇ ಇಂಗ್ಲಿಷಿಗೆ ಬದಲಿಸಿ. ಆಧಾರದ ಸಾಲು ಇನ್ನೂ ಸ್ವಲ್ಪ ದಿನ ಕನ್ನಡದಲ್ಲೇ ಇರಲಿ.